ಬಾಗಿಲಲ್ಲಿ ಕೂತು ಮಾಡಿದ ಅಡುಗೆ

ಕುಕ್ಕರ್ ಕೂಗುವುದಕ್ಕಿಂತ, ಕೂಗುವ ಮುಂಚಿನ ಹೊತ್ತು ನನಗೆ ಹೆಚ್ಚು ಕಷ್ಟ. ಆವಿ ಸುಸ್ಸೆಂದು ಹೊರಡಲು ಶುರುವಾದೊಡನೆ ಭುಜ ಬಿಗಿಯುತ್ತದೆ, ಹಲ್ಲು ಕಚ್ಚಿಕೊಳ್ಳುತ್ತೇನೆ, ಕೈಯಲ್ಲಿ ಚಾಕು ಇದ್ದರೆ ಕೆಳಗಿಡುತ್ತೇನೆ. ಕೂಗಿದಾಗ ಅದು ತಲೆಯೊಳಗೇ ಕೂಗಿದಂತೆ. ಮಿಕ್ಸಿಯೂ ಹಾಗೆಯೇ. ಒಣಮೆಣಸಿನಕಾಯಿ ಒಗ್ಗರಣೆ ಬಿದ್ದರೆ ಉಳಿದವರು ಒಂದು ಸಲ ಕೆಮ್ಮಿ ಮುಂದಿನ ಕೆಲಸಕ್ಕೆ ಹೋಗುತ್ತಾರೆ. ನನಗೆ ಆ ವಾಸನೆ ಸಂಜೆಯಾದರೂ ಮೂಗಿನಿಂದ ಇಳಿಯುವುದಿಲ್ಲ, ಜೊತೆಗೆ ತಲೆನೋವು. ರಾಗಿಹಿಟ್ಟು ಬೆರಳಸಂದಿಗೆ ಅಂಟಿದರೆ ಕೈ ತೊಳೆಯುವ ತನಕ ಬೇರೆ ಏನನ್ನೂ ಯೋಚಿಸಲಾರೆ.

ನಾನು ಪತ್ರಿಕೆಯ ಕೆಲಸದವಳು. ಮೊದಲು ಕಚೇರಿಯ ಡೆಸ್ಕಿನಲ್ಲಿ ಸುದ್ದಿ ತಿದ್ದುತ್ತಿದ್ದೆ. ಮದುವೆಯಾದ ಮೇಲೆ ಕಡೂರಿನ ಮನೆಯಿಂದಲೇ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿನ ಸುದ್ದಿ ಕಳಿಸುತ್ತೇನೆ. ಡೆಸ್ಕಿನಲ್ಲಿ ಸುತ್ತಲೂ ಜನ ಫೋನಿನಲ್ಲಿ ಕೂಗಾಡುತ್ತಿದ್ದಾಗ ತಲೆಬರಹ ಬರೆದಿದ್ದೇನೆ. ಆ ಗದ್ದಲ ಆಗುತ್ತಿತ್ತು, ಒಂದು ಮಿಕ್ಸಿ ಯಾಕೆ ಆಗುವುದಿಲ್ಲ ಎಂದು ಎಷ್ಟೋ ಜನ ಕೇಳಿದ್ದಾರೆ. ಅಜ್ಜಂಪುರದ ತವರಿನಲ್ಲಿ ಇದಕ್ಕೆ ನಾಟಕ ಎಂದು ಹೆಸರಿತ್ತು. "ಕೆಲಸ ಅಂದ್ರೆ ತಲೆನೋವು, ಊಟ ಅಂದ್ರೆ ತಲೆನೋವಿಲ್ಲ" ಎಂದು ಅಮ್ಮ ನೆಂಟರ ಮುಂದೆ ಹೇಳಿ ನಗಿಸುತ್ತಿದ್ದಳು. ನಾನೂ ನಗುತ್ತಿದ್ದೆ. ಬೇರೆಯವರಿಗೆ ಕೇಳದ್ದು ನನಗೆ ಕೇಳುತ್ತದೆ ಎಂದು ಸಾಬೀತು ಮಾಡುವುದು ಹೇಗೆ? ಕೆಲವರ ಇಂದ್ರಿಯಗಳು ಹುಟ್ಟಿನಿಂದಲೇ ಹೀಗೆ ಚುರುಕಾಗಿರುತ್ತವೆ ಎಂದು ಬಹಳ ವರ್ಷಗಳ ನಂತರ ಒಬ್ಬ ಡಾಕ್ಟರು ಹೇಳಿದರು. ಅದಕ್ಕೆ ಒಂದು ಉದ್ದನೆಯ ಇಂಗ್ಲಿಷ್ ಹೆಸರನ್ನೂ ಹೇಳಿದರು.

ಅದಕ್ಕೂ ಮುಂಚೆ ನನ್ನನ್ನು ನಂಬಿದವರು ನನ್ನ ಅತ್ತೆ.

ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಅವರು ಹುರುಳಿಕಾಳಿಗೆ ಕುಕ್ಕರ್ ಇಟ್ಟಿದ್ದರು. ನಾನು ಕಾಯಿ ತುರಿಯುತ್ತಿದ್ದವಳು ತುರಿಮಣೆ ಬಿಟ್ಟೆದ್ದು ಹಿತ್ತಲಿಗೆ ಹೋಗಿ ಕಿವಿ ಮುಚ್ಚಿಕೊಂಡು ನಿಂತೆ. ಅವರು ಹಿಂದೆಯೇ ಬಂದರು.

"ಏನಾಯ್ತೇ?"

"ಅದು ಕೂಗುತ್ತಲ್ಲ ಅತ್ತೆ, ನನಗೆ ಆಗಲ್ಲ."

"ಅಮಲ್ದಾರ್ರನ್ನ ನಿಲ್ಲಿಸ್ಕಂಡು ಪ್ರಶ್ನೆ ಕೇಳ್ತೀಯ, ಕುಕ್ಕರ್‌ಗೆ ಹೆದರ್ಕಂತೀಯಲ್ಲೇ" ಎಂದರು. ಆಮೇಲೆ ಒಳಗೆ ಹೋಗಿ ಒಲೆ ಆರಿಸಿದರು. ಅವತ್ತು ಮಧ್ಯಾಹ್ನ ಕಾಳು ಅರೆಬೆಂದಿತ್ತು. ನನ್ನ ಗಂಡ ತಟ್ಟೆಯಲ್ಲಿ ಅದನ್ನು ಒತ್ತಿ ನೋಡಿ ಏನೋ ಹೇಳಲು ಬಾಯಿ ತೆರೆದಾಗ ಅತ್ತೆ, "ಉಣ್ಣು, ಹಲ್ಲು ಗಟ್ಟಿಯಾಗ್ತವೆ" ಎಂದುಬಿಟ್ಟರು.

ಅವರು ನಂಬಿದ್ದು ನಿಜ, ಆದರೆ ಅದಕ್ಕೆ ಅವರು ಕಂಡುಕೊಂಡ ಕಾರಣ ಬೇರೆ. ಕ್ಯಾಮೆರಾ ಚೀಲ ನೇತುಹಾಕಿಕೊಂಡು ಸ್ಕೂಟರಿನಲ್ಲಿ ಊರೂರು ತಿರುಗುವ ಸೊಸೆಗೆ ದೃಷ್ಟಿ ತಾಗದೆ ಇರುತ್ತದೆಯೇ ಎಂಬುದು ಅವರ ಲೆಕ್ಕ. ನನಗೆ ತಲೆನೋವು ಬಂದ ಸಂಜೆ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ, ನನ್ನ ತಲೆಯ ಒಂದೆಳೆ ಕೂದಲು ಮುಷ್ಟಿಯಲ್ಲಿ ಹಿಡಿದು ನಿವಾಳಿಸಿ ಬಚ್ಚಲೊಲೆಯ ಕೆಂಡಕ್ಕೆ ಹಾಕುತ್ತಿದ್ದರು. ಈ ಕಡೆಯವರಿಗೆಲ್ಲ ಗೊತ್ತಿರುವ ಪರೀಕ್ಷೆ ಅದು: ದೃಷ್ಟಿ ಆಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ, ಘಾಟು ಬಂದರೆ ದೃಷ್ಟಿ ಆಗಿಲ್ಲ. ಒಗ್ಗರಣೆಯ ವಾಸನೆಗೆ ಬಂದ ತಲೆನೋವಿಗೆ ಮೆಣಸಿನಕಾಯಿ ಸುಡುವುದೇ ಮದ್ದು! ನಾನು ಕೆಮ್ಮುತ್ತಾ ಬೀದಿಬಾಗಿಲಿಗೆ ಓಡುತ್ತಿದ್ದೆ. ಅತ್ತೆಯೂ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಹೊರಗೆ ಬಂದು, "ಘಾಟು ಬಂತು ಬಿಡು, ದೃಷ್ಟಿ ಇಲ್ಲ. ಪಿತ್ತ ಇರ್ಬೇಕು" ಎಂದು ಒಪ್ಪಿಕೊಳ್ಳುತ್ತಿದ್ದರು. ಪರೀಕ್ಷೆ ಮಾಡಿದ ಮೇಲೆ ಫಲಿತಾಂಶ ತಿದ್ದುವ ಜಾಯಮಾನ ಅವರದಲ್ಲ.

ಹಾಗೆ ಒಂದು ಒಪ್ಪಂದವಾಯಿತು. ಅಡುಗೆಮನೆ ಅವರದು. ತರಕಾರಿ ಹೆಚ್ಚುವುದು, ಕಾಳು ಆರಿಸುವುದು, ಪಾತ್ರೆ ತೊಳೆಯುವುದು ನನ್ನದು. ಕುಕ್ಕರ್ ಅಟ್ಟ ಸೇರಿತು. ಕಾಳು ರಾತ್ರಿಯೇ ನೆನೆದು ಬೆಳಿಗ್ಗೆ ತಪ್ಪಲೆಯಲ್ಲಿ ಬೇಯುತ್ತಿತ್ತು. ಕಡೂರಿನ ಪೇಟೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿರುವ ನನ್ನ ಗಂಡನಿಗೆ ಇದೆಲ್ಲ ಅರ್ಥವಾಯಿತೋ ಇಲ್ಲವೋ ಗೊತ್ತಿಲ್ಲ. ಆದರೆ ಯಾಕೆ ಎಂದು ಎರಡನೇ ಸಲ ಕೇಳಲಿಲ್ಲ.

ಕೊರೊನಾದ ಎರಡನೇ ಅಲೆಯಲ್ಲಿ ಅತ್ತೆಗೆ ಜ್ವರ ಬಂತು. ಆಸ್ಪತ್ರೆ ಸೇರುವಂಥದ್ದೇನೂ ಆಗದೆ ಮನೆಯಲ್ಲೇ ವಾಸಿಯಾಯಿತು. ಎದ್ದು ಓಡಾಡಿದರು, ದೇವನೂರು ರಸ್ತೆಯ ತೋಟಕ್ಕೆ ಹೋಗಿ ಬಿದ್ದ ತೆಂಗಿನಕಾಯಿ ಆರಿಸಿ ತಂದರು. ನಾವು ನಿಟ್ಟುಸಿರು ಬಿಟ್ಟೆವು.

ನನಗೆ ಮಾತ್ರ ಆ ವರ್ಷದಿಂದ ಅಡುಗೆಮನೆಯ ಹತ್ತಿರ ಸುಳಿಯುವುದೇ ಕಷ್ಟವಾಗತೊಡಗಿತು. ಸಾರಿನ ಇಂಗು ಬೀದಿಯ ತಿರುವಿಗೇ ಎದುರಾಗುತ್ತಿತ್ತು. ಒಗ್ಗರಣೆಯ ಹೊಗೆ ನಡುಮನೆಯ ಬಟ್ಟೆಗಳಿಗೆ ಹತ್ತುತ್ತಿತ್ತು. ನನ್ನ ಸೂಕ್ಷ್ಮವೇ ವಯಸ್ಸಿನ ಜೊತೆ ಹೆಚ್ಚುತ್ತಿದೆ ಎಂದುಕೊಂಡೆ. ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವುದು ರೂಢಿಯಾಯಿತು. ಅತ್ತೆ ದೃಷ್ಟಿ ತೆಗೆಯುವುದೂ ಹೆಚ್ಚಾಯಿತು. ಮೊದಲು ತಲೆನೋವಿದ್ದಾಗ ಮಾತ್ರ ಇದ್ದದ್ದು, ಈಗ ಅಮಾವಾಸ್ಯೆಗೆ, ಹುಣ್ಣಿಮೆಗೆ, ಒಮ್ಮೊಮ್ಮೆ ಸುಮ್ಮನೆ ಭಾನುವಾರಕ್ಕೂ.

"ನನಗೇನೂ ಆಗಿಲ್ಲ ಅತ್ತೆ, ಚೆನ್ನಾಗಿದೀನಿ."

"ಆಗೋಕ್ಮುಂಚೆ ತೆಗೀಬೇಕು ಕಣೇ. ಕೂತ್ಕೊ."

ಅಂಥ ಒಂದು ಸಂಜೆ ಅವರು ಕೆಂಡಕ್ಕೆ ಮುಷ್ಟಿ ಬಿಚ್ಚಿದರು. ಮೆಣಸಿನಕಾಯಿ ಕಪ್ಪಾಯಿತು, ಕೂದಲು ಚುರ್ರೆಂದಿತು. ನಾನು ಎದ್ದು ಬಾಗಿಲಿಗೆ ಬಂದು ತಿರುಗಿ ನೋಡಿದೆ. ಅತ್ತೆ ಒಲೆಯ ಮುಂದೆಯೇ ಬಗ್ಗಿ ನಿಂತಿದ್ದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಗಂಟಲು ಕಟ್ಟಿ ಕೆಮ್ಮುತ್ತಿದ್ದರು. ಕೆಮ್ಮುತ್ತಲೇ ಹೇಳಿದರು: "ವಾಸನೇನೇ ಇಲ್ಲ ನೋಡು. ಅಷ್ಟು ದೃಷ್ಟಿ ಆಗೈತೆ."

ಕೂದಲು ಸುಟ್ಟ ನಾತ ಪಕ್ಕದ ಮನೆಯವರಿಗೂ ತಿಳಿಯುವಂತಿತ್ತು. ಮುಖ ಒಂದು ಹೇಳುತ್ತಿದೆ, ಮಾತು ಇನ್ನೊಂದು ಹೇಳುತ್ತಿದೆ. ಇಂಥದ್ದು ಕಂಡರೆ ಸುಮ್ಮನಿದ್ದು ಇನ್ನೊಂದು ಮೂಲದಿಂದ ಖಚಿತಪಡಿಸಿಕೊಳ್ಳಬೇಕು ಎಂಬುದು ಡೆಸ್ಕಿನಲ್ಲಿ ಕಲಿತ ಪಾಠ. ನಾನು ಗಮನಿಸತೊಡಗಿದೆ. ಮುಂದಿನ ವಾರದಲ್ಲಿ ತಳ ಹಿಡಿದ ಹಾಲಿನಲ್ಲಿ ಕಾಫಿ ಬಂತು. ಹಳಸಿದ ಹಿಟ್ಟಿನ ದೋಸೆ ಬಂತು. ಸೀದ ಬೆಳ್ಳುಳ್ಳಿಯನ್ನು ಅವರು ಎತ್ತಿ ನೋಡಿ, ಕಣ್ಣಿನಿಂದ ಗುರುತಿಸಿ, ಮೆಲ್ಲಗೆ ಕಿಟಕಿಯಾಚೆ ಎಸೆದದ್ದನ್ನೂ ನೋಡಿದೆ. ಅವರ ಮೂಗು ಹೋಗಿತ್ತು. ಇಂಗನ್ನು, ಮೆಣಸನ್ನು ದಿನದಿಂದ ದಿನಕ್ಕೆ ಹೆಚ್ಚು ಹಾಕುತ್ತಿದ್ದದ್ದು ಅದಕ್ಕೇ. ನನ್ನ ಸೂಕ್ಷ್ಮ ಇದ್ದಲ್ಲೇ ಇತ್ತು, ಅಡುಗೆಮನೆ ಬದಲಾಗಿತ್ತು.

ಹೇಗೆ ಕೇಳುವುದೆಂದು ನಾನು ಮಾತು ಹುಡುಕುತ್ತಿದ್ದಾಗಲೇ ಗ್ಯಾಸಿನ ಪ್ರಸಂಗ ನಡೆಯಿತು.

ಬುಕ್ಕಾಂಬುಧಿ ಕೆರೆ ಕೋಡಿ ಬಿದ್ದಿತ್ತು. ಅದರ ಫೋಟೊ ತೆಗೆದುಕೊಂಡು ಮಧ್ಯಾಹ್ನ ಮನೆಗೆ ಬಂದೆ. ಸ್ಕೂಟರ್ ನಿಲ್ಲಿಸುವಾಗಲೇ, ಗೇಟಿನ ಹತ್ತಿರವೇ, ಗ್ಯಾಸಿನ ವಾಸನೆ. ಒಳಗೆ ಓಡಿದೆ. ಅತ್ತೆ ಅಡುಗೆಮನೆಯ ನೆಲದಲ್ಲಿ ಕೂತು ಸೊಪ್ಪು ಸೋಸುತ್ತಿದ್ದರು. ಕಿಟಕಿಯ ಗಾಳಿಗೆ ಒಲೆ ಆರಿದೆ, ನಾಬ್ ತೆರೆದೇ ಇದೆ. "ಬಂದ್ಯಾ? ಕಾಫಿ ಇಡ್ತೀನಿ ತಾಳು" ಎಂದು ಅವರು ಲೈಟರಿಗೆ ಕೈ ಚಾಚಿದರು. ನಾನು ಆ ಕೈ ಹಿಡಿದುಕೊಂಡೆ. ನಾಬ್ ತಿರುಗಿಸಿ, ಬಾಗಿಲು ಕಿಟಕಿಯೆಲ್ಲ ತೆರೆದು, ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಒಗೆಯುವ ಕಲ್ಲಿನ ಮೇಲೆ ಕೂರಿಸಿದೆ.

"ಗ್ಯಾಸ್ ಬಿಟ್ಟಿತ್ತು ಅತ್ತೆ. ನಿಮಗೆ ಗೊತ್ತಾಗಲಿಲ್ಲ ಅಲ್ವಾ?"

ಅವರು ಕೈಯಲ್ಲಿದ್ದ ಸೊಪ್ಪಿನ ಕಡ್ಡಿಯನ್ನು ಮುರಿಯುತ್ತಾ ಕೂತರು.

"ಜ್ವರ ಬಂದಾಗ್ಲಿಂದ" ಎಂದರು ಕೊನೆಗೆ. "ಹೇಳಿ ಏನ್ ಮಾಡ್ಲಿ? ಮೂಗಿಲ್ದೋಳ ಕೈಯಡುಗೆ ಯಾರು ಉಣ್ತಾರೆ?"

"ಮತ್ತೆ ವಾರವಾರ ನನಗೆ ದೃಷ್ಟಿ ಯಾಕೆ ತೆಗೀತಿದ್ರಿ?"

ಅವರಿಗೆ ನಾಚಿಕೆಯಾಯಿತು ಎಂದು ಕಾಣುತ್ತದೆ. ಬೇಲಿಯ ಕಡೆ ನೋಡುತ್ತಾ ಹೇಳಿದರು: "ಇವತ್ತಾದ್ರೂ ಘಾಟು ಮೂಗಿಗೆ ಬತ್ತದೇನೋ ಅಂತ ನೋಡ್ತಿದ್ದೆ. ಸುಮ್‌ಸುಮ್ನೆ ಮೆಣಸಿನಕಾಯಿ ಸುಟ್ರೆ ಹುಚ್ಚು ಹಿಡೀತು ಅಂತೀರ. ಅದಕ್ಕೇ ನಿನ್ನ ಕೂರಿಸ್ತಿದ್ದೆ."

ನನಗೆ ನಗು ಬಂತು. ಅವರಿಗೂ ಬಂತು.

ಗ್ಯಾಸಿನ ವಿಷಯ ಮುಚ್ಚಿಡುವಂಥದ್ದಲ್ಲ. ಸಂಜೆ ಗಂಡನಿಗೆ ಹೇಳಿದೆ. ಅವರು ತಮ್ಮ ಅಕ್ಕನಿಗೆ ಫೋನ್ ಮಾಡಿದರು. ಅಕ್ಕನನ್ನು ಕೊಟ್ಟಿರುವುದು ತರೀಕೆರೆಗೆ. ನಾನು ಅತ್ತಿಗೆ ಎನ್ನುತ್ತೇನೆ. ಚುರುಕಿನ ಹೆಂಗಸು, ಮಾತೂ ಅಷ್ಟೇ ಚುರುಕು. ಸ್ಪೀಕರಿನಲ್ಲಿ ಅವರ ದನಿ ನಡುಮನೆ ತುಂಬಿತು.

"ಇನ್ಮೇಲೆ ಅವ್ವ ಒಲೆ ಹತ್ರ ಹೋಗೋದು ಬೇಡ. ನಿನ್ನ ಹೆಂಡ್ತಿಗೆ ಅಡುಗೆ ಆಗಲ್ಲ, ಅವ್ವಂಗೆ ವಾಸನೆ ಗೊತ್ತಾಗಲ್ಲ. ಒಳ್ಳೆ ಮನೆ ಕಣೋ ನಿಂದು! ಅವ್ವನ್ನ ನಾನು ಇಲ್ಲಿಗೆ ಕರ್ಕಂಡು ಬತ್ತೀನಿ. ಹಿರಿಯರ ಹಬ್ಬ ಮುಗೀಲಿ, ಅವತ್ತೇ ಕರ್ಕಂಡು ಹೋಗ್ತೀನಿ. ಹಬ್ಬದ ಅಡುಗೇನೂ ನಾನೇ ಬಂದು ಮಾಡ್ತೀನಿ."

ಅತ್ತೆ ಫೋನಿನ ಹತ್ತಿರ ಬಾಗಿ, "ನಿಮ್ಮಪ್ಪನ ಎಡೆ ನಾನಿರೋವಾಗ ನೀನು ಮಾಡ್ತೀಯೇನೇ?" ಎಂದರು.

"ಮೂಗಿಲ್ದೆ ಹೆಂಗೆ ಮಾಡ್ತೀಯ?"

"ಮೂಗು ಹೋಗೈತೆ. ಕೈ ಹೋಗಿಲ್ಲ."

ಆದರೆ ಕಷ್ಟ ಎಲ್ಲಿದೆ ಎಂದು ಅವರಿಗೂ ಗೊತ್ತಿತ್ತು. ಮಹಾಲಯ ಅಮಾವಾಸ್ಯೆಯ ದಿನ ತೀರಿಹೋದ ಮಾವನವರಿಗೆ ಎಡೆ ಇಡಬೇಕು. ಎಡೆ ಇಡುವ ತನಕ ಅಡುಗೆಯವರು ಏನನ್ನೂ ನಾಲಿಗೆಗೆ ಹಾಕಿ ನೋಡುವಂತಿಲ್ಲ. ರುಚಿ ನೋಡದೆ ಮಾಡುವ ಅಡುಗೆಗೆ ಮೂಗೇ ಆಧಾರ. ಅದೂ ಇಲ್ಲದ ಮೇಲೆ? ಆ ವಾರವೇ ಅತ್ತೆಯನ್ನು ಶಿವಮೊಗ್ಗದ ಕಿವಿ-ಮೂಗಿನ ಡಾಕ್ಟರಿಗೆ ತೋರಿಸಿದೆವು; ಅವರು ವಾಸನೆ ಮರಳಿ ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದು ಹೇಳಿ ಕಳಿಸಿದರು. ಎಡೆ ಕೆಟ್ಟರೆ ಅತ್ತೆಗೆ ಒಲೆ ಕೈತಪ್ಪಿದ ಹಾಗೆಯೇ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಒಲೆ ನನ್ನ ಪಾಲಿಗೆ ಬಂದರೆ ನಾನು ಅದನ್ನು ನಡೆಸಲಾರೆ ಎಂಬುದೂ ಗೊತ್ತು.

ಶಿವಮೊಗ್ಗದಿಂದ ಬಂದ ಮರುದಿನ ಬೆಳಿಗ್ಗೆ ಅತ್ತೆ ಅಡುಗೆಮನೆಯ ಹೊಸ್ತಿಲಿನಾಚೆ, ನಡುಮನೆಯ ಕಡೆಗೆ, ಒಂದು ಮಣೆ ಹಾಕಿದರು.

"ಇಲ್ಲಿ ಕೂತ್ಕೊ. ಒಳಗೆ ಬರ್ಬೇಡ. ನಿನ್ನ ಕಂಪ್ಯೂಟ್ರು ಇಲ್ಲೇ ಇಟ್ಕೊ. ಏನಾದ್ರೂ ಸೀದ್ರೆ, ಹಳಸಿದ್ರೆ, ಗ್ಯಾಸ್ ಬಿಟ್ರೆ ಹೇಳು. ಅಷ್ಟೇ."

"ತಡೆಯೋಕೆ ಆಗದೆ ಎದ್ದುಬಿಟ್ರೆ?"

"ನೀನೆದ್ರೆ ನಾನು ಒಲೆ ಆರಿಸ್ತೀನಿ. ನೀನು ಬಂದು ಕೂತ್ಮೇಲೆ ಹಚ್ತೀನಿ."

ಅದೇ ನಿಯಮವಾಯಿತು. ನನಗಾಗಿ ಒಬ್ಬರು ಉರಿಯುವ ಒಲೆಯನ್ನೇ ಆರಿಸಿ ಕಾಯುತ್ತಾರೆ ಎಂಬುದು ಮೊದಲ ದಿನಗಳಲ್ಲಿ ನಂಬಲು ಕಷ್ಟವಾಗಿತ್ತು. ಬೇಕೆಂದೇ ಪರೀಕ್ಷಿಸಲಿಲ್ಲ; ಅಗತ್ಯವೂ ಬರಲಿಲ್ಲ. ಸಾಕಷ್ಟು ಸಲ ನಿಜವಾಗಿಯೇ ಎದ್ದೆ. ಜಗಲಿಗೆ ಹೋಗಿ, ಗಾಳಿ ಕುಡಿದು, ವಾಪಸ್ ಬಂದಾಗ ಅತ್ತೆ ಆರಿದ ಒಲೆಯ ಮುಂದೆ ಕೈಕಟ್ಟಿ ಕೂತಿರುತ್ತಿದ್ದರು. "ಆಯ್ತಾ ಸವಾರಿ?" ಎಂದು ಕೇಳಿ ಲೈಟರ್ ಒತ್ತುತ್ತಿದ್ದರು. ಊಟದ ಹೊತ್ತು ಹಿಂದೆ ಹೋಯಿತು. ಗಂಡ ಅಂಗಡಿಯಲ್ಲಿ ಬನ್ನು ತಿಂದು ಹೊಂದಿಕೊಂಡರು.

ಗಂಡನೂ ಒಂದಿಷ್ಟು ಕೆಲಸ ಮಾಡಿಕೊಟ್ಟರು. ಒಂದು ಮರದ ಪೆಟ್ಟಿಗೆಗೆ ಒಳಗೆಲ್ಲ ತೆಂಗಿನ ನಾರು ಒತ್ತಿ, ಅದರಲ್ಲಿ ಮಿಕ್ಸಿ ಕೂರಿಸಿ ಹಿತ್ತಲ ಬಾಗಿಲಿನ ಹತ್ತಿರ ಪ್ಲಗ್ ಪಾಯಿಂಟ್ ಕೊಟ್ಟರು. ಮೋಟಾರು ಬಿಸಿಯಾಗದಿರಲೆಂದು ಹಿಂದೆ ಒಂದು ಕಿಂಡಿ. ಮಿಕ್ಸಿಯ ಕಿರುಚಾಟ ಗುಂಯ್‌ಗುಟ್ಟುವಿಕೆಗೆ ಇಳಿಯಿತು. ಗ್ಯಾಸ್ ಸೋರಿದರೆ ಕೂಗುವ ಒಂದು ಅಲಾರಂ ತಂದು ಗೋಡೆಗೆ ಹಾಕಿದರು. ಅದು ಮೊದಲ ದಿನವೇ ಒಗ್ಗರಣೆಯ ಹೊಗೆಗೆ ಕೂಗಿ ನನ್ನನ್ನು ಬೀದಿಗೆ ಅಟ್ಟಿತು. ತೆಗೆದುಬಿಡಲೇ ಎಂದು ಅವರು ಕೇಳಿದರು. ಬೇಡ, ಅದು ಇರಲಿ ಎಂದೆ. ಎಲ್ಲ ಸದ್ದನ್ನೂ ನನ್ನ ಅನುಕೂಲಕ್ಕೆ ನಿಲ್ಲಿಸಲಾಗುವುದಿಲ್ಲ. ಒಗ್ಗರಣೆಯೇ ಹಿತ್ತಲಿನ ಸೌದೆ ಒಲೆಗೆ ಹೋಯಿತು. ಬಯಲಲ್ಲಿ ಹೊಗೆ ಮೇಲಕ್ಕೆ ಹೋಗುತ್ತದೆ. ಸಾಸಿವೆ ಸಿಡಿಯುವುದನ್ನು ಅತ್ತೆ ಕಿವಿಯಲ್ಲೇ ತಿಳಿದು ಬಾಣಲೆ ಇಳಿಸುತ್ತಾರೆ. ಅದಕ್ಕೆ ಮೂಗು ಬೇಕಿಲ್ಲ.

ನಾನೂ ನಿಧಾನವಾಗಿ ಮುದ್ದೆ ಕಟ್ಟುವುದನ್ನು ಕಲಿತೆ. ಕೈಗೆ ಹಿಟ್ಟು ತಾಗದ ಹಾಗೆ, ಒಂದು ಬಟ್ಟಲಿಗೆ ನೀರು ಸವರಿ, ಬಿಸಿಹಿಟ್ಟು ಹಾಕಿ ಗರಗರನೆ ತಿರುಗಿಸುವುದು. ಉಂಡೆ ತಾನೇ ಆಗುತ್ತದೆ. "ಬಟ್ಲಾಗೆ ಕಟ್ಟಿದ ಮುದ್ದೆ ಸಿಟಿ ಮುದ್ದೆ ಕಣೇ" ಎಂದು ಅತ್ತೆ ಹಂಗಿಸಿದರು. ತಿನ್ನುವಾಗ ಮಾತ್ರ ನನ್ನ ಮುದ್ದೆಯನ್ನೇ ತಮ್ಮ ತಟ್ಟೆಗೆ ಹಾಕಿಸಿಕೊಂಡರು.

ಹಬ್ಬದ ದಿನ ಅತ್ತಿಗೆ ತರೀಕೆರೆಯಿಂದ ಮೊದಲ ಬಸ್ಸಿಗೇ ಬಂದಿಳಿದರು. ಒಂದು ಖಾಲಿ ಬ್ಯಾಗು ಕೈಯಲ್ಲಿತ್ತು. ಅದು ಅತ್ತೆಯ ಸೀರೆಗಳಿಗೆ ಎಂದು ಯಾರೂ ಹೇಳಬೇಕಿರಲಿಲ್ಲ. ಅತ್ತೆ ಆಗಲೇ ಮಿಂದು ಮಡಿಯುಟ್ಟು ಕಡಲೆಬೇಳೆಯನ್ನು ತಪ್ಪಲೆಯಲ್ಲಿ ಬೇಯಲು ಹಾಕಿದ್ದರು. ನಾನೂ ಮಿಂದು ಬಾಗಿಲಲ್ಲಿ ಮಣೆಯ ಮೇಲೆ ಕೂತಿದ್ದೆ.

"ಇದೇನು, ಕಾವಲು ಕೂತಿದೀಯಲ್ಲ?" ಎಂದರು ಅತ್ತಿಗೆ.

"ವಾಸನೆ ನೋಡೋಕೆ ಅತ್ತಿಗೆ. ಸೀದರೆ ಹೇಳ್ತೀನಿ."

ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಎಡೆ ಅಡುಗೆ ಮೂಸ್ತೀಯಾ? ಏನವ್ವಾ ಇದು! ರುಚಿ ನೋಡ್ಬಾರ್ದು, ಮೂಸ್ಬಾರ್ದು. ಮೂಸಿದ್ದನ್ನ ಅಪ್ಪಂಗೆ ಇಡ್ತೀಯಾ?"

ಇದನ್ನು ನಾವಿಬ್ಬರೂ ಯೋಚಿಸಿರಲಿಲ್ಲ. ಎಡೆಯ ಹೂವನ್ನೂ ಮೂಸಬಾರದು ಎಂದು ಚಿಕ್ಕಂದಿನಿಂದ ಕೇಳಿದ್ದೇನೆ. ಅಡುಗೆಗೂ ಅದೇ ನಿಯಮ. ಇಷ್ಟು ದಿನದ ಏರ್ಪಾಡು ಇಲ್ಲಿಗೆ ಮುಗಿಯಿತು ಎಂದುಕೊಂಡು ಏಳಲು ಹೊರಟೆ.

ಅತ್ತೆ ಸೌಟು ತಿರುಗಿಸುವುದನ್ನು ನಿಲ್ಲಿಸದೆ ಹೇಳಿದರು: "ಅವಳೆಲ್ಲಿ ಮೂಸ್ತಾಳೆ? ಮೂಸ್ಬೇಕಾದ್ರೆ ಹತ್ರ ಬಂದು ಬಗ್ಬೇಕು. ಅವಳು ಹೊಸ್ಲು ದಾಟಿಲ್ಲ. ವಾಸನೇನೇ ಅವಳಿದ್ದ ಕಡೆ ಹೋಗ್ತೈತೆ. ಬೀದೀಲಿ ಹೋಗೋರ ಮೂಗಿಗೂ ಹೋಗ್ತೈತೆ, ಅವರಿಗೆಲ್ಲ ಬಟ್ಟೆ ಕಟ್ತೀಯಾ?"

"ಮಾತಿಗೇನು ಕಮ್ಮಿ ಇಲ್ಲ."

"ಮಾತೂ ಹೋಗಿಲ್ಲ ಕಣೇ, ಮೂಗು ಹೋಗಿರೋದು."

ಅತ್ತಿಗೆ ಬೇಳೆ ಬೇಯುವುದು ತಡವಾಗುತ್ತಿದೆ ಎಂದು ಗೊಣಗಿದರು. ಅಟ್ಟದಿಂದ ಕುಕ್ಕರ್ ಇಳಿಸಿ, ತೊಳೆದು, ಪಾಯಸದ ಬೇಳೆಯನ್ನು ಅದಕ್ಕೆ ಹಾಕಿ ಪಕ್ಕದ ಒಲೆಯ ಮೇಲಿಟ್ಟರು. ಹಬ್ಬದ ದಿನ ಬಂದ ಮನೆಮಗಳಿಗೆ ಏನೆಂದು ಹೇಳುವುದು? ಆವಿ ಸುಸ್ಸೆನ್ನತೊಡಗಿತು. ಮಣೆಯ ಅಂಚನ್ನು ಹಿಡಿದುಕೊಂಡು ಕೂತೆ. ಕೂಗಿತು. ಎದ್ದು ಜಗಲಿಗೆ ಹೋಗಿಬಿಟ್ಟೆ.

ಒಳಗೆ ಒಲೆಯ ಎರಡೂ ನಾಬ್‌ಗಳು ಟಕ್ ಟಕ್ ಎಂದು ತಿರುಗಿದ್ದು ಕೇಳಿಸಿತು.

"ಒಲೆ ಯಾಕವ್ವಾ ಆರಿಸ್ದೆ?"

"ಅವಳೆದ್ಲು."

"ಎದ್ರೆ?"

"ಅವಳೆದ್ರೆ ಒಲೆ ಆರ್ಬೇಕು. ಅಷ್ಟೇ."

"ಎಡೆ ಹೊತ್ತು ಮೀರ್ತೈತೆ!"

"ನಿಮ್ಮಪ್ಪ ಬದುಕಿದ್ದಾಗ್ಲೂ ತೋಟದಿಂದ ಬರೋದು ಮೂರು ಗಂಟೆಗೇ. ಕಾಯ್ತಾರೆ ಬಿಡು. ಆ ಕುಕ್ಕರ್ ಇಳ್ಸು ಮೊದ್ಲು."

ಜಗಲಿಯ ಕಂಬಕ್ಕೆ ಒರಗಿ ಇದನ್ನೆಲ್ಲ ಕೇಳಿಸಿಕೊಂಡೆ. ಸುದ್ದಿಮನೆಯಲ್ಲಿ ನನ್ನ ಪರವಾಗಿ ಮಾತಾಡಿದವರು ಇದ್ದಾರೆ, ಅವರ ಋಣವೂ ಇದೆ. ಆದರೆ ಹಬ್ಬದ ದಿನ, ಹೆತ್ತ ಮಗಳ ಎದುರು, ತಮ್ಮ ಗಂಡನ ಎಡೆಯನ್ನೇ ತಡೆದು ನಿಲ್ಲಿಸಿ ನನಗಾಗಿ ಕಾದವರು ಅತ್ತೆಯೊಬ್ಬರೇ. ಕಣ್ಣೊರೆಸಿಕೊಂಡು ಒಳಗೆ ಬಂದೆ. ಕುಕ್ಕರ್ ಮೂಲೆಯಲ್ಲಿತ್ತು. ಅತ್ತೆ ಏನೂ ಆಗಿಲ್ಲವೆಂಬಂತೆ ಲೈಟರ್ ಒತ್ತಿದರು.

ಬೇಳೆ ಬೆಂದು, ಕಟ್ಟು ಬಸಿದು, ಬೆಲ್ಲ ಸೇರಿಸಿ ಹೂರಣ ಕಾಯಿಸುವ ಹೊತ್ತಿಗೆ ಅತ್ತಿಗೆ ತಾವೇ ಸೌಟು ಹಿಡಿದಿದ್ದರು. ಅತ್ತೆ ಕಣಕ ನಾದುತ್ತಿದ್ದರು. ಬೆಲ್ಲದ ಸಿಹಿ ವಾಸನೆಯ ಅಡಿಯಲ್ಲಿ ಸಣ್ಣಗೆ ಒಂದು ಕಹಿ ಎಳೆ ನನಗೆ ತಾಗಿತು.

"ಅತ್ತಿಗೆ, ತಳ ಹಿಡೀತಿದೆ."

"ಎಲ್ಲಿ? ನಾನಿಲ್ಲೇ ನಿಂತಿದೀನಲ್ಲ, ನನಗೇನೂ ಇಲ್ಲ."

"ಕೆದಕಿ ನೋಡು" ಎಂದರು ಅತ್ತೆ.

ಅತ್ತಿಗೆ ಸೌಟನ್ನು ತಳಕ್ಕೆ ಒತ್ತಿ ಎಳೆದರು. ತುದಿಯಲ್ಲಿ ಕಂದು ಬಣ್ಣದ ಒಂದು ಚೂರು ಬಂತು. ಅದನ್ನು ಬೆಳಕಿಗೆ ಹಿಡಿದು ನೋಡಿದರು. ನನ್ನನ್ನು ನೋಡಿದರು. ಪಾತ್ರೆ ಇಳಿಸಿ, ಮೇಲಿನ ಹೂರಣವನ್ನು ಬೇರೆ ಪಾತ್ರೆಗೆ ತೆಗೆದು, "ಹೂಂ" ಎಂದರು.

ಬಾಳೆಲೆಯ ಮೇಲೆ ಒಬ್ಬಟ್ಟು, ಪಲ್ಯ, ಅನ್ನ, ಒಬ್ಬಟ್ಟಿನ ಸಾರು, ಪಾಯಸ ಬಡಿಸಿ, ಮಾವನವರ ಪಂಚೆ, ಎಲೆಯಡಿಕೆ, ನಶ್ಯದ ಡಬ್ಬಿ ಇಟ್ಟು, ಧೂಪ ಹಾಕಿ ಬಾಗಿಲು ಮುಂದೆ ಮಾಡಿ ನಾವೆಲ್ಲ ಹೊರಗೆ ಕೂತೆವು. ಹಿರಿಯರು ಬಂದು ಉಣ್ಣುವ ಹೊತ್ತು ಅದು. ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು.

ಆಮೇಲೆ ನಮ್ಮ ಊಟ. ಮೊದಲ ತುತ್ತಿಗೆ ಗಂಡ ತಲೆ ಎತ್ತಿದರು, ಮತ್ತೆ ತಗ್ಗಿಸಿದರು. ಅತ್ತಿಗೆಗೆ ಆ ಸಂಕೋಚವಿಲ್ಲ.

"ಅವ್ವಾ, ಸಾರಿಗೆ ಇಂಗು ಹಾಕಿದ್ರೋ, ತೋರ್ಸಿ ಎತ್ತಿಟ್ರೋ?"

ಆ ತಪ್ಪು ನನ್ನದು. ಇಂಗಿನ ಅಳತೆ ಹೇಳುವುದನ್ನು ಅತ್ತೆ ನನಗೆ ಬಿಟ್ಟಿದ್ದರು. ನನ್ನ ಮೂಗಿಗೆ ಸಾಕೆನಿಸಿದ್ದು ಉಳಿದವರ ಮೂಗಿಗೆ ತಲುಪಿರಲಿಲ್ಲ. ಒಗ್ಗರಣೆಯೂ ಹಾಗೆಯೇ, ಎರಡು ಮೆಣಸಿನಕಾಯಿ ಸಾಕು ಎಂದಿದ್ದೆ. ಸಾರು ಸಪ್ಪೆಯ ಕಡೆಗೇ ಇತ್ತು. ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕೇಳಿದರು:

"ಸೀದೈತಾ?"

"ಇಲ್ಲ."

"ಉಪ್ಪು?"

"ಉಪ್ಪು ಸರಿಯಾಗೈತೆ."

"ಒಬ್ಬಟ್ಟು?"

ಅತ್ತಿಗೆ ಒಬ್ಬಟ್ಟು ಮುರಿದು ಬಾಯಿಗಿಟ್ಟುಕೊಂಡರು. ಸ್ವಲ್ಪ ಹೊತ್ತು ಅಗಿದರು. "ಅಪ್ಪ ಇದ್ದಿದ್ರೆ ಇನ್ನೊಂದು ಕೇಳ್ತಿದ್ರು" ಎಂದರು.

"ಹಂಗಾದ್ರೆ ನೀನೇ ಇನ್ನೊಂದು ಹಾಕ್ಕೊ. ಈ ಮನೇಲಿ ಸಾರು ಇನ್ಮೇಲೆ ಹಿಂಗೇ. ಸಾಲ್ದೋರು ಉಪ್ಪಿನಕಾಯಿ ನೆಂಚ್ಕಳ್ಳಿ."

ಅತ್ತಿಗೆ ಉಪ್ಪಿನಕಾಯಿ ಜಾಡಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಅತ್ತೆಯ ತುಟಿಯಲ್ಲಿ ನಗು ಸುಳಿಯಿತು. ಅವರಿಗೆ ಆ ಊಟದ ವಾಸನೆ ಏನೂ ತಿಳಿದಿರಲಿಲ್ಲ. ಆದರೂ ಅವತ್ತು ಅವರು ಎರಡು ಸಲ ಅನ್ನ ಹಾಕಿಸಿಕೊಂಡರು.

ಸಂಜೆ ಅತ್ತಿಗೆಯನ್ನು ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ತಂದಿದ್ದ ಬ್ಯಾಗಿನಲ್ಲಿ ಒಬ್ಬಟ್ಟಿನ ಡಬ್ಬಿ, ನಾಲ್ಕು ತೆಂಗಿನಕಾಯಿ ಇದ್ದವು. ಸೀರೆಗಳಿರಲಿಲ್ಲ. ತರೀಕೆರೆ ಬಸ್ಸು ಬರುವ ತನಕ ಇಬ್ಬರೂ ಬೆಂಚಿನ ಮೇಲೆ ಕೂತೆವು.

"ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ" ಎಂದರು. "ನೀನು ಸುದ್ದಿಗೆ ಅಂತ ಅಂತರಘಟ್ಟೆ, ಅಜ್ಜಂಪುರ ಅಂತ ಹೋಗ್ತೀಯಲ್ಲ. ಅವತ್ತು ಬಾಗಿಲಲ್ಲಿ ಯಾರು ಕೂರ್ತಾರೆ?"

ಸರಿಯಾದ ಪ್ರಶ್ನೆ. ನಮ್ಮ ಏರ್ಪಾಡಿನ ದುರ್ಬಲ ಜಾಗವನ್ನು ಅವರು ನೇರವಾಗಿ ಮುಟ್ಟಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: "ಯಾರೂ ಇಲ್ಲ ಅತ್ತಿಗೆ. ನಾನು ಹೊರಡುವ ಮುಂಚೆ ಎಲ್ಲ ಮಾಡಿಡ್ತೀವಿ. ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡಿ ಹೋಗ್ತೀನಿ. ಅತ್ತೆ ತಣ್ಣಗಿರೋದನ್ನೇ ಉಣ್ತಾರೆ. ಅದು ಅವರಿಗೆ ಇಷ್ಟವಿಲ್ಲ."

ಅವರು ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡರು. "ವಾರದಲ್ಲಿ ಯಾವ ದಿನ ಹೋಗೋದು ಜಾಸ್ತಿ?"

"ಬುಧವಾರ, ಶನಿವಾರ."

"ಬುಧವಾರ ನಾನು ಬತ್ತೀನಿ. ಶನಿವಾರ ನೀನು ಹೊಂದಿಸ್ಕೊ." ಬಸ್ಸು ಬಂತು. ಹತ್ತುತ್ತಾ ತಿರುಗಿ, "ಇಂಗು ಮಾತ್ರ ನಾನೇ ಹಾಕೋದು ಕಣೇ!" ಎಂದು ಕೂಗಿದರು.

ಮನೆಗೆ ಬಂದಾಗ ಅತ್ತೆ ಹಬ್ಬದ ಪಾತ್ರೆಗಳನ್ನು ಒರೆಸಿ ಜೋಡಿಸುತ್ತಿದ್ದರು. ನನ್ನ ಕಡೆ ತಿರುಗದೆಯೇ ಕೇಳಿದರು: "ಏನಂದ್ಲು?"

"ಬುಧವಾರ ಬುಧವಾರ ಬತ್ತಾರಂತೆ. ನಾನಿಲ್ಲದ ದಿನ ಅವರು ಕೂರ್ತಾರಂತೆ."

ಅವರ ಕೈ ಒಂದು ಕ್ಷಣ ನಿಂತಿತು. ಮತ್ತೆ ತಪ್ಪಲೆಯನ್ನು ಉಜ್ಜಿ ಉಜ್ಜಿ ಒರೆಸಿದರು.

"ಬರ್ಲಿ" ಎಂದರು. "ಸೊಪ್ಪು ಸೋಸೋಕೆ ಒಂದು ಕೈ ಬೇಕಿತ್ತು. ಒಲೆ ಮಾತ್ರ ಕೊಡಲ್ಲ."